ಏನೂ ಹಾಕದ ಮಡಿ

ಚೀಟಿ ಎತ್ತಿದ್ದು ವೋರ್ಕೆಯ ಮೊಮ್ಮಗ ಲಿರೆಬೊ.
ಆರು ವರ್ಷ, ಮೂಗಿನ ತುಂಬ ಸಿಂಬಳ,
ನನ್ನ ಟೋಪಿಯೊಳಗೆ ಕೈಯಿಟ್ಟು ಕಲಕಿ ಕಲಕಿ
ಹನ್ನೆರಡು ಮಡಿಗೆ ಹನ್ನೆರಡು ಹಣೆಬರಹ:
ಮೂರಕ್ಕೆ ಯೂರಿಯಾ,
ಮೂರಕ್ಕೆ ಕೊಟ್ಟಿಗೆ ಗೊಬ್ಬರ,
ಮೂರಕ್ಕೆ ಅರ್ಧ ಅದು, ಅರ್ಧ ಇದು.
ಉಳಿದ ಮೂರಕ್ಕೆ ಸೊನ್ನೆ.

“ಸೊನ್ನೆ ಅಂದರೆ?”
ಏನೂ ಇಲ್ಲ, ಅಂದೆ. ಮಳೆ ಬಂದರೆ ಕುಡಿಯುತ್ತದೆ,
ಕಳೆ ಕೀಳಬಹುದು. ಮತ್ತೇನೂ ಮುಟ್ಟಿಸಬಾರದು.
“ಏನು ತಪ್ಪು ಮಾಡಿತಂತೆ ಅದು?”

ಉತ್ತರವಿತ್ತು, ತರಬೇತಿಯಲ್ಲಿ ಕಲಿತದ್ದು:
ಉಣ್ಣದವರ ಪಕ್ಕ ನಿಲ್ಲಿಸಿ ಅಳೆದರೇ
ಉಂಡವರು ಎಷ್ಟು ಬೆಳೆದರೆಂದು ತಿಳಿಯುವುದು.
ಹೇಳಿದೆ. ಹೇಳುತ್ತಿದ್ದ ಹಾಗೇ
ಒಂದೇ ಹರಿವಾಣದ ಸುತ್ತ ಕೂತು
ಇಂಜೆರಾ ಹರಿಯುತ್ತಿದ್ದ ಆ ಮನೆಯ ಒಂಬತ್ತು ಕೈ
ಒಂದು ಗಳಿಗೆ ನಿಂತವು.

ವಾರಕ್ಕೊಮ್ಮೆ ಕೋಶೆಯಿಂದ ಬಜಾಜ್ ರಿಕ್ಷಾದಲ್ಲಿ ಬಂದೆ,
ಅಳತೆಪಟ್ಟಿ, ತಕ್ಕಡಿ, ಮಳೆಗೆ ಉಬ್ಬಿದ ನೋಟುಬುಕ್ಕು.
ಯೂರಿಯಾದ ಗಿಡಗಳು ಸೊಕ್ಕಿ ಕಪ್ಪುಹಸಿರಾಗಿ
ಎಲೆಯ ಮೇಲೆ ಎಲೆ ಬಿಟ್ಟವು,
ಹೂವಿನ ನೆನಪೇ ಇಲ್ಲ ಎರಡು ವಾರ;
ಹೇನು ಮಾತ್ರ ನೆನಪಿಟ್ಟುಕೊಂಡು ಬಂತು.
ಗೊಬ್ಬರದವು ನಿಧಾನ. ಆದರೆ ಆಗಸ್ಟಿನ ಆ ಒಂದು ರಾತ್ರಿ
ಮಳೆ ಮಣ್ಣನ್ನೇ ಎಳೆದೊಯ್ದಾಗ
ಕಾಲೂರಿ ನಿಂತವು ಅವೇ.
ಸೊನ್ನೆಯವು ಮೊಣಕಾಲಿಗೂ ಬಾರದೆ
ಗಡಿಬಿಡಿಯಲ್ಲಿ ಎಲ್ಲರಿಗಿಂತ ಮೊದಲು ಹೂ ಬಿಟ್ಟವು,
ಹೆಚ್ಚು ದಿನವಿಲ್ಲವೆಂದು ಯಾರೋ ಕಿವಿಯಲ್ಲಿ ಹೇಳಿದಂತೆ.

ಏಳನೆಯದೊಂದನ್ನು ಬಿಟ್ಟು.

ಎರಡನೆಯ ಮಡಿ, ಮೂವತ್ತೆಂಟು ಸೆಂಟಿಮೀಟರು.
ಹನ್ನೊಂದನೆಯದು, ಮೂವತ್ತಾರು.
ಏಳು, ಅದೂ ಸೊನ್ನೆಯೇ, ಅರವತ್ತೊಂದು.
ಪಟ್ಟಿ ತಿರುವಿ ಹಿಡಿದೆನೇನೋ ಎಂದು ಮತ್ತೆ ಅಳೆದೆ.
ಆಮೇಲೆ ಕೂತು ಬುಡ ಕೆದಕಿದೆ:
ಒಲೆಯ ಬೂದಿ. ಅದರ ಕೆಳಗೆ
ಮೂರು ಸುತ್ತು ಕುದಿದು ಸತ್ತ ಕಾಫಿಯ ಚರಟ,
ಕುರಿಹಿಕ್ಕೆ, ಒಂದು ಮುರಿದ ಗುಂಡಿ.

ವೋರ್ಕೆ ಹಿಂದೆ ನಿಂತಿದ್ದಳು.
“ಹಾಕಿದ್ದಲ್ಲ ಡಿಂಕಿನೆಶ್, ಚೆಲ್ಲಿದ್ದು.
ಬಾಗಿಲ ಎದುರಿಗಿದೆ. ದಿನ ಬೆಳಗಾದರೆ
ಅದರ ಮುಖ ನೋಡಬೇಕಾದವಳು ನಾನು.”

ಮತ್ತೆ ಎರಡು? ಹನ್ನೊಂದು?
ಅವಳು ದಿಬ್ಬದ ಆಚೆ ನೋಡಿದಳು,
ಮೊದಲ ಸಲ ಅಲ್ಲೊಂದು ಹೊಲವಿದೆ ಎಂಬಂತೆ.
“ಅವು ಇಲ್ಲಿಂದ ಕಾಣುವುದಿಲ್ಲ.”

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ.
ಚೀಟಿ ಅದನ್ನು ಕಣ್ಣಿಲ್ಲದೆ ಮಾಡಿತ್ತು;
ಇವಳು ಕಣ್ಣಿದ್ದುದರಿಂದ.
ಯಾವುದು ಮೇಲು, ನನಗೆ ಬಗೆಹರಿಯಲಿಲ್ಲ.
ಕೂತ ಕಾಲು ಜೋಮು ಹಿಡಿದಿತ್ತು.

ನವೆಂಬರಿನಲ್ಲಿ ಕೊಯ್ಲು.
ಹಣ್ಣಾದ ಬರ್ಬೆರೆ ರಕ್ತಕ್ಕಿಂತ ಕಪ್ಪು.
ಹನ್ನೆರಡು ಗೋಣಿ, ಹನ್ನೆರಡು ತೂಕ.
ಬುಟಾಜಿರಾದಿಂದ ಮೇಲಧಿಕಾರಿ ಹಂದಾಮೊ
ಫೋನಿನಲ್ಲಿ ಒಂದೇ ಮಾತು: “ಏಳನ್ನು ಹೊಡೆದುಹಾಕು.”
ಹೊಡೆದುಹಾಕಿದೆ, ಅಡಿಪಟ್ಟಿ ಇಟ್ಟು, ಕೆಂಪು ಶಾಯಿಯಲ್ಲಿ.
ಕಾರಣ ಬರೆಯಲು ಎರಡು ಬೆರಳಗಲ ಜಾಗ.
‘ಬಾಗಿಲಿಗೆ ಹತ್ತಿರ’
ಎಂದು ಬರೆದೆ. ಸುಳ್ಳಲ್ಲ.

ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂದಾದ ಆ ಗೋಣಿಯಿಂದ
ವೋರ್ಕೆ ಎರಡು ಬೊಗಸೆ ತೆಗೆದು
ನನ್ನ ನೆತೆಲಾದ ಸೆರಗಿಗೆ ಗಂಟು ಕಟ್ಟಿದಳು.
ಕೋಣೆಯಲ್ಲಿ ಹುರಿದಾಗ ಘಾಟು ಎದ್ದು
ಪಕ್ಕದ ಬಾಡಿಗೆಯವರೂ ಕೆಮ್ಮಿ ಗೋಡೆ ಬಡಿದರು.
ಉಳಿದ ಹನ್ನೊಂದರ ಖಾರ ನಾನು ನೋಡಿಲ್ಲ,
ಹೋಲಿಸಿ ಹೇಳಲಾರೆ.

“ಬರುವ ವರ್ಷವೂ ಚೀಟಿ ಎತ್ತುತ್ತೀಯಾ?” ಕೇಳಿದ್ದಳು
ರಿಕ್ಷಾ ಶುರುವಾಗುವಾಗ.
ಎತ್ತಲೇಬೇಕು, ಅಂದೆ.
“ಹಾಗಾದರೆ ಮಳೆಗೆ ಮುಂಚೆ
ಮನೆಯ ಬಾಗಿಲು ಕಿತ್ತು ಆ ಕಡೆ ಇಡಿಸುತ್ತೇನೆ.”
ಯಾವ ಕಡೆ,
ನಾನು ಕೇಳಲಿಲ್ಲ.